ಹಾಲು ಯಾಕೆ ಮೊಸರಾಗಲಿಲ್ಲ? ಆಂಟಿಬಯೋಟಿಕ್ ತೆಗೆದುಕೊಳ್ಳುವ ಬಗೆ

ಕಳೆದ ಬೇಸಿಗೆಯಲ್ಲಿ ಮದ್ದೂರು ಹತ್ತಿರದ ನಮ್ಮ ಅತ್ತೆ ಮನೆಯಲ್ಲಿ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ನೋಡಿದರೂ ಹಾಲಾಗಿಯೇ ಇತ್ತು. "ಹೆಪ್ಪು ಚೆನ್ನಾಗೇ ಇತ್ತು ಕಣಪ್ಪ, ಪಾತ್ರೆನೂ ತೊಳ್ದಿದ್ದೆ. ಯಾರ ಕಣ್ಣು ಬಿತ್ತೋ" ಎಂದರು ಅತ್ತೆ. ಕಣ್ಣು ಯಾರದೂ ಅಲ್ಲ. ಹಿಂದಿನ ದಿನ ಹಸುವಿಗೆ ಕೆಚ್ಚಲು ಬಾವು ಅಂತ ದನದ ಡಾಕ್ಟರು ತೊಟ್ಟಿನೊಳಗೆ ಆಂಟಿಬಯೋಟಿಕ್ ಟ್ಯೂಬ್ ಔಷಧಿ ಬಿಟ್ಟಿದ್ದರು. ಇಂತಿಷ್ಟು ದಿನ ಹಾಲನ್ನು ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ ಎಂದೂ ಹೇಳಿದ್ದರು. ಅತ್ತೆ ಡೇರಿಗೆ ಹಾಕಲಿಲ್ಲ. ಚೆಲ್ಲೋಕೆ ಮಾತ್ರ ಮನಸ್ಸು ಬರಲಿಲ್ಲ.

ಒಂದು ಚಮಚ ಹೆಪ್ಪಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವು ಹಾಲಿನ ಸಕ್ಕರೆ ತಿಂದು ಹುಳಿ ಬಿಡುತ್ತವೆ, ಹುಳಿಗೆ ಹಾಲು ಗಟ್ಟಿಯಾಗುತ್ತದೆ. ಹಾಲಿನಲ್ಲಿ ಆಂಟಿಬಯೋಟಿಕ್ ಉಳಿದಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಮೊಸರೂ ಇಲ್ಲ. ಕಾಯಿಸಿದರೂ ಔಷಧಿ ಪೂರ್ತಿ ಹೋಗುವುದಿಲ್ಲ. ನಾವು ಮಾತ್ರೆ ನುಂಗಿದಾಗ ಮೈಯೊಳಗೆ ನಡೆಯುವುದೂ ಇದೇ ಕೆಲಸ. ಹಾಗಾಗಿ ಡಾಕ್ಟರ್ ಚೀಟಿ ಕೈಗೆ ಬಂದ ಮೇಲೆ ಏನು ಮಾಡಬೇಕು, ಯಾಕೆ ಮಾಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಹಂತ 1: ಬ್ಯಾಕ್ಟೀರಿಯಾನಾ, ವೈರಸ್ಸಾ?

ನೆಗಡಿ, ಫ್ಲೂ, ಡೆಂಗಿ ಬರುವುದು ವೈರಸ್‌ನಿಂದ. ಅವಕ್ಕೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಆದರೂ ಮೆಡಿಕಲ್ ಶಾಪಿಗೆ ಹೋಗಿ "ಅಜಿತ್ರೋಮೈಸಿನ್ 500, ಮೂರು ದಿನದ್ದು ಕೊಡಿ" ಎಂದು ಕೇಳುವವರು ನಮ್ಮಲ್ಲಿ ಜಾಸ್ತಿ. ನಾನೂ ಕೇಳಿದ್ದೇನೆ. ನೆಗಡಿ ವಾರದಲ್ಲಿ ತಾನಾಗಿಯೇ ಹೋಯಿತು, ಹೆಸರು ಮಾತ್ರೆಗೆ ಬಂತು. ಸ್ಟ್ರಿಪ್‌ನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂದರ್ಥ.

ಹಂತ 2: ಕಲ್ಚರ್ ಬರೆದಿದ್ದರೆ ಮೊದಲು ಅದು

ಪದೇ ಪದೇ ಉರಿಮೂತ್ರ ಬರುವವರಿಗೆ ಡಾಕ್ಟರು ಕಲ್ಚರ್ ಟೆಸ್ಟ್ ಬರೆಯುತ್ತಾರೆ. ಮೊದಲ ಮಾತ್ರೆ ನುಂಗುವ ಮುಂಚೆಯೇ ಸ್ಯಾಂಪಲ್ ಕೊಡಿ. ಲ್ಯಾಬಿನಲ್ಲಿ ಒಂದು ತಟ್ಟೆಯ ಮೇಲೆ ನಿಮ್ಮ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಅದರ ಮೇಲೆ ಬೇರೆ ಬೇರೆ ಔಷಧಿ ಹೀರಿಸಿದ ಪುಟ್ಟ ಕಾಗದದ ಬಿಲ್ಲೆ ಇಡುತ್ತಾರೆ. ಮಾರನೇ ದಿನ ತಟ್ಟೆಯ ತುಂಬ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ. ಕೆಲವು ಬಿಲ್ಲೆಗಳ ಸುತ್ತ ಮಾತ್ರ ಒರೆಸಿದಂತೆ ತಿಳಿಯಾದ ಬಳೆ. ಆ ಔಷಧಿ ನಡೆಯುತ್ತದೆ, ರಿಪೋರ್ಟಿನಲ್ಲಿ 'ಎಸ್' ಎಂದು ಬರುತ್ತದೆ. ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿದ್ದರೆ 'ಆರ್', ಅಂದರೆ ಅದು ಜಗ್ಗುವುದಿಲ್ಲ. ಮಾತ್ರೆ ನುಂಗಿ ಹೋದರೆ ತಟ್ಟೆಯಲ್ಲಿ ಏನೂ ಬೆಳೆಯದೆ ದುಡ್ಡು ದಂಡವಾಗಬಹುದು.

ಹಂತ 3: ಹೊತ್ತಿಗೆ ಸರಿಯಾಗಿ ನುಂಗಿ

ಬ್ಯಾಕ್ಟೀರಿಯಾವನ್ನು ಗಾಳಿ ತುಂಬಿದ ಸೈಕಲ್ ಚಕ್ರ ಅಂದುಕೊಳ್ಳಿ. ಒಳಗೆ ಒತ್ತಡ ತುಂಬಿದ ಟ್ಯೂಬ್, ಅದನ್ನು ಹಿಡಿದಿಡುವ ಟೈರ್. ಟೈರ್ ಅಂದರೆ ಅದರ ಗೋಡೆ. ಬೆಳೆಯುವಾಗ ಬ್ಯಾಕ್ಟೀರಿಯಾ ಈ ಗೋಡೆಯನ್ನು ಅಲ್ಲಲ್ಲಿ ಕತ್ತರಿಸಿ ಮತ್ತೆ ಹೊಲಿಯುತ್ತಾ ಹೋಗುತ್ತದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಆಗಲಿ, ಅದರ ಸಂಬಂಧಿ ಅಮಾಕ್ಸಿಸಿಲಿನ್ ಆಗಲಿ, ಹೊಲಿಯುವ ಸೂಜಿಯನ್ನೇ ಕೆಡಿಸುತ್ತವೆ. ಕತ್ತರಿಸುವುದು ನಿಲ್ಲುವುದಿಲ್ಲ, ಹೊಲಿಗೆ ಬೀಳುವುದಿಲ್ಲ. ಟ್ಯೂಬ್ ಒಡೆಯುತ್ತದೆ. ನಮ್ಮ ಜೀವಕೋಶಕ್ಕೆ ಇಂಥ ಗೋಡೆಯೇ ಇಲ್ಲ, ಅದಕ್ಕೇ ನಮಗೆ ಪೆಟ್ಟಿಲ್ಲ. ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಬೇರೆ ಜಾಗ ಹಿಡಿಯುತ್ತವೆ: ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವ ಯಂತ್ರ. ಸಿಪ್ರೊಫ್ಲಾಕ್ಸಾಸಿನ್ ಡಿಎನ್‌ಎ ನಕಲು ಮಾಡುವುದಕ್ಕೇ ಅಡ್ಡ ಬರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬೆಳೆಯದೆ ಸುಮ್ನೆ ಮಲಗಿರುವ ಬ್ಯಾಕ್ಟೀರಿಯಾ ಹೊಲಿಯುವುದೇ ಇಲ್ಲ. ಅದು ಪೆನಿಸಿಲಿನ್‌ನಿಂದ ತಪ್ಪಿಸಿಕೊಂಡು, ಆಮೇಲೆ ಎದ್ದು ಕೂರಬಹುದು. ಅದು ಎದ್ದಾಗಲೂ ಮೈಯಲ್ಲಿ ಔಷಧಿ ಇರಬೇಕು. ಅಮಾಕ್ಸಿಸಿಲಿನ್ ಕೆಲವೇ ಗಂಟೆಗಳಲ್ಲಿ ಮೈಯಿಂದ ಹೊರಟುಹೋಗುತ್ತದೆ, ಅದಕ್ಕೇ ದಿನಕ್ಕೆ ಮೂರು ಸಲ ಬರೆಯುವುದು. ಅಜಿತ್ರೋಮೈಸಿನ್ ದಿನಗಟ್ಟಲೆ ಉಳಿಯುತ್ತದೆ, ಅದಕ್ಕೆ ಒಂದೇ ಸಲ ಸಾಕು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯನ್ನು ಹಾಲಿನ ಜೊತೆ ನುಂಗಬೇಡಿ. ಹಾಲಿನ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡು ರಕ್ತಕ್ಕೆ ಸರಿಯಾಗಿ ಸೇರದಂತೆ ಮಾಡುತ್ತದೆ.

ಹಂತ 4: ಜ್ವರ ಇಳಿಯಿತು ಅಂತ ನೀವೇ ನಿಲ್ಲಿಸಬೇಡಿ

ಜ್ವರ ಇಳಿದರೂ ಮೈಯಲ್ಲಿ ಕೆಲವು ಬ್ಯಾಕ್ಟೀರಿಯಾ ಉಳಿದಿರಬಹುದು. ಅನುಕೂಲ ಇದ್ದರೆ ಇ. ಕೊಲೈ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಏಳು ಗಂಟೆಯಲ್ಲಿ ಒಂದೇ ಒಂದು 20 ಲಕ್ಷ ದಾಟುತ್ತದೆ. ಇಷ್ಟು ಅವಸರದಲ್ಲಿ ನಕಲು ಮಾಡಿದರೆ ಅಲ್ಲೊಂದು ಇಲ್ಲೊಂದು ತಪ್ಪು ಬಿದ್ದೇ ಬೀಳುತ್ತದೆ, ಅಲ್ವಾ? ಆ ತಪ್ಪುಗಳಲ್ಲಿ ಯಾವುದೋ ಒಂದು ಔಷಧಿಗೆ ಬಗ್ಗದ ಮರಿ ಹುಟ್ಟಿಸುತ್ತದೆ. ಮಾತ್ರೆ ಬ್ಯಾಕ್ಟೀರಿಯಾಗೆ ಪಾಠ ಕಲಿಸುತ್ತದೆ ಎಂದು ಹೇಳುವುದುಂಟು. ಅದು ಸರಿಯಲ್ಲ. ಬಗ್ಗದವು ಮೊದಲೇ ಅಲ್ಲಿರುತ್ತವೆ. ಮಾತ್ರೆ ಉಳಿದವನ್ನು ಕೊಂದು ಅವಕ್ಕೆ ಜಾಗ ಖಾಲಿ ಮಾಡಿಕೊಡುತ್ತದೆ.

ಅವು ಬಗ್ಗದಿರುವ ದಾರಿಯೂ ಹಲವು. ಕೆಲವು ಔಷಧಿಯನ್ನೇ ಕತ್ತರಿಸುವ ಕಿಣ್ವ ತಯಾರಿಸುತ್ತವೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆ್ಯಸಿಡ್ ಸೇರಿಸುವುದು ಆ ಕತ್ತರಿಯ ಬಾಯಿಗೆ ಸಿಕ್ಕಿಸಲಿಕ್ಕೇ. ಕೆಲವು ಒಳಬಂದ ಔಷಧಿಯನ್ನು ಪಂಪ್‌ಸೆಟ್ ಹಾಕಿದ ಹಾಗೆ ಎತ್ತಿ ಹೊರಗೆ ಸುರಿಯುತ್ತವೆ. ಎಲ್ಲಕ್ಕಿಂತ ತಲೆನೋವು, ಈ ವಿದ್ಯೆಯನ್ನು ಪಕ್ಕದವಕ್ಕೂ ಕೊಡುವುದು. ಡಿಎನ್‌ಎಯ ಒಂದು ಪುಟ್ಟ ಉಂಗುರವನ್ನು ನಕಲು ಮಾಡಿ ದಾಟಿಸುತ್ತವೆ. ಜಾತಿ ಬೇರೆಯಾದರೂ ಅಡ್ಡಿಯಿಲ್ಲ. ಗಂಟಲು ನೋವಿಗೆ ನುಂಗಿದ ಮಾತ್ರೆ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಹೀಗೇ ಸೋಸುತ್ತದೆ. ಬೇಡದ ಮಾತ್ರೆ ಸುಮ್ನೆ ನುಂಗಿದರೂ ನಷ್ಟ ಅನ್ನುವುದು ಇದಕ್ಕೇ.

ಔಷಧಿ ಬಗ್ಗದವಕ್ಕೆ ಜಾಗ ಮಾಡಿಕೊಡುತ್ತದೆ ಅನ್ನುವುದಕ್ಕೆ ಕ್ಷಯ ಹಳೆಯ ಸಾಕ್ಷಿ. 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಒಂದನ್ನೇ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. ಆದರೆ ಕೆಲವೇ ತಿಂಗಳಲ್ಲಿ ಹಲವರಲ್ಲಿ ಔಷಧಿಗೆ ಬಗ್ಗದ ಕ್ಷಯಾಣು ಕಾಣಿಸಿಕೊಂಡಿತು. ಅದಕ್ಕೇ ಇವತ್ತು ಮೈಸೂರಿನ ಕ್ಷಯದ ಆಸ್ಪತ್ರೆ ಪಿ.ಕೆ. ಸ್ಯಾನಟೋರಿಯಂ ಇರಲಿ, ಊರಿನ ಆರೋಗ್ಯ ಕೇಂದ್ರ ಇರಲಿ, ಕ್ಷಯಕ್ಕೆ ಒಟ್ಟಿಗೆ ಹಲವು ಔಷಧಿ ಕೊಡುತ್ತಾರೆ. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೆ ಸಿಗಲಿ ಅಂತ. ಎಲ್ಲ ಕಾಯಿಲೆಗೂ ತಿಂಗಳುಗಟ್ಟಲೆ ನುಂಗಬೇಕಿಲ್ಲ, ಕೆಲವಕ್ಕೆ ಮೂರು ದಿನ ಸಾಕು. ಎಷ್ಟು ದಿನ ಎಂದು ಹೇಳುವುದು ಡಾಕ್ಟರು.

ಹಂತ 5: ಉಳಿದದ್ದನ್ನು ಇಟ್ಟುಕೊಳ್ಳಬೇಡಿ

ಬೀರುವಿನಲ್ಲಿ ಉಳಿದ ನಾಲ್ಕು ಮಾತ್ರೆ ಮುಂದಿನ ಸಲಕ್ಕೆ ಅಲ್ಲ, ಪಕ್ಕದ ಮನೆಯವರಿಗೂ ಅಲ್ಲ. ಮಕ್ಕಳಿಗೆ ನೀರು ಬೆರೆಸಿ ಕೊಡುವ ಸಿರಪ್ಪು ಬೆರೆಸಿದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರಕ್ಕಿಂತ ಬರುವುದಿಲ್ಲ, ಲೇಬಲ್ ನೋಡಿ. ನಾಲೆಗೆ, ಚರಂಡಿಗೆ ಸುರಿಯಬೇಡಿ. ಔಷಧಿ ಸೇರಿದ ಹಾಲನ್ನು ಕರುವಿಗೂ ಕುಡಿಸಬೇಡಿ, ಅದರ ಹೊಟ್ಟೆಯಲ್ಲೂ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿಯಾಗುತ್ತದೆ.

ಅತ್ತೆ ಆಮೇಲೆ ದಿನಾ ಒಂದು ಲೋಟ ಹಾಲಿಗೆ ಹೆಪ್ಪು ಹಾಕಿ ನೋಡತೊಡಗಿದರು. ಮೂರನೇ ದಿನ ಕಟ್ಟಿತು. "ಈಗ ಹಾಕ್ಲಾ ಡೇರಿಗೆ?" ಎಂದರು. ಮೊಸರು ಕಟ್ಟಿದ ಮಾತ್ರಕ್ಕೆ ಔಷಧಿ ಪೂರ್ತಿ ಹೋಯಿತು ಎನ್ನುವ ಹಾಗಿಲ್ಲ. ಡಾಕ್ಟರು ಹೇಳಿದ ಗಡುವು ಇನ್ನೂ ಒಂದು ದಿನ ಇತ್ತು. ಗೊಣಗಿಕೊಂಡೇ ಆ ದಿನದ ಹಾಲನ್ನೂ ತಿಪ್ಪೆಗೆ ಸುರಿದು ಬಂದರು.