ಹಳೇ ಮನೆಯ ನೆಲ ಕೀಳುವ ಮೊದಲು

ಹೊರದೇಶದಲ್ಲಿ ನಮ್ಮವರು ಮೊದಲು ಕೊಳ್ಳುವ ಮನೆ ಹೆಚ್ಚಾಗಿ ಹಳೆಯದೇ ಆಗಿರುತ್ತದೆ. ಕೀಲಿ ಕೈಗೆ ಬಂದ ವಾರವೇ ಒಂದೆರಡು ವಿಡಿಯೊ ನೋಡಿ, ಹಳೇ ನೆಲ ಕಿತ್ತು ಮರದ ನೆಲ ಹಾಕಲು ಹೊರಡುತ್ತಾರೆ. ಕೂಲಿ ಜಾಸ್ತಿ, ನಾವೇ ಮಾಡಿದರೆ ಉಳಿತಾಯ, ಸರಿ. ಆದರೆ ಆ ನೆಲದಲ್ಲಿ ಆಸ್ಬೆಸ್ಟಾಸ್ ಇದೆಯೋ ಇಲ್ಲವೋ ತಿಳಿಯುವವರೆಗೆ ಅದಕ್ಕೆ ಉಳಿ ಇಡಬೇಡಿ.

ಆಸ್ಬೆಸ್ಟಾಸ್ ಅಂದರೆ ಛಾವಣಿಯ ಶೀಟು ಮಾತ್ರ ಎಂದುಕೊಂಡವರೇ ಜಾಸ್ತಿ. ಅದು ಸಣ್ಣ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಒಂದು ಖನಿಜ. ನೆಲದಲ್ಲಿ ಅದು ಮೂರು ಕಡೆ ಅಡಗಿರಬಹುದು. ಒಂದು, ಹಳೇ ವಿನೈಲ್ ಅಥವಾ ಆಸ್ಫಾಲ್ಟ್ ಟೈಲ್. ಒಂಬತ್ತು ಇಂಚಿನ ಚೌಕ ಟೈಲ್ ಕಂಡರೆ ಅನುಮಾನ ಗಟ್ಟಿ, ಹನ್ನೆರಡು ಇಂಚಿನವೂ ಇವೆ. ಎರಡು, ಟೈಲ್ ಅಂಟಿಸಿದ ಕಪ್ಪು ಗೋಂದು. ಮೂರು, ಸುರುಳಿಯಾಗಿ ಬರುವ ವಿನೈಲ್ ಶೀಟಿನ ಹಿಂಬದಿಯ ರಟ್ಟಿನಂಥ ಬೂದು ಪದರ. ನನಗೆ ಹೆಚ್ಚು ಭಯ ಈ ಮೂರನೆಯದರದ್ದು. ಟೈಲಿನಲ್ಲಿ ಎಳೆಗಳು ಪ್ಲಾಸ್ಟಿಕ್ಕಿನೊಳಗೆ ಬಿಗಿಯಾಗಿ ಕೂತಿರುತ್ತವೆ. ಹಿಂಬದಿಯ ಪದರದಲ್ಲಿ ಆಸ್ಬೆಸ್ಟಾಸ್ ಪ್ರಮಾಣವೂ ಜಾಸ್ತಿ, ಹರಿದರೆ ಸಡಿಲವಾಗಿ ಉದುರುತ್ತದೆ ಕೂಡ.

ಮನೆಯ ವಯಸ್ಸು ನೋಡಿ. ಬ್ರಿಟನ್ನಿನಲ್ಲಿ ಪೂರ್ತಿ ನಿಷೇಧ ಬಂದದ್ದು 1999ರಲ್ಲಿ, ಆಸ್ಟ್ರೇಲಿಯಾದಲ್ಲಿ 2003ರ ಕೊನೆಗೆ, ಕೆನಡಾದಲ್ಲಿ 2018ರಲ್ಲಿ. ಅಮೆರಿಕದಲ್ಲಿ 1980ರ ದಶಕಕ್ಕಿಂತ ಹಳೆಯ ಮನೆಯಾದರೆ ಇದೆ ಎಂದೇ ಭಾವಿಸಿ ಮುಂದುವರಿಯಿರಿ. ಮೇಲೆ ಹೊಸ ಕಾರ್ಪೆಟ್ ಇದ್ದರೂ ಕೆಳಗೆ ಹಳೇ ಟೈಲ್ ಇರಬಹುದು, ಅಲ್ವಾ?

ಕಣ್ಣಲ್ಲಿ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಲ್ಯಾಬ್ ಪರೀಕ್ಷೆಯೇ ದಾರಿ. ಚೂರು ತೆಗೆಯಲು ತರಬೇತಿ ಇರುವವರನ್ನು ಕರೆಸುವುದು ಒಳ್ಳೆಯದು. ಟೈಲ್, ಗೋಂದು, ಶೀಟಿನ ಪದರ ಬೇರೆಬೇರೆಯಾಗಿಯೇ ಪರೀಕ್ಷೆಗೆ ಹೋಗಬೇಕು. ಟೈಲಿನಲ್ಲಿ ಇಲ್ಲ ಎಂದು ವರದಿ ಬಂದ ಮೇಲೂ ಗೋಂದಿನಲ್ಲಿ ಇರಬಹುದು.

ಇದೆ ಎಂದು ಗೊತ್ತಾಯಿತು ಅನ್ನಿ. ಗಾಬರಿ ಬೇಡ. ಒಡೆಯದ, ಸವೆಯದ, ಗಟ್ಟಿಯಾಗಿ ಅಂಟಿಕೊಂಡಿರುವ ನೆಲ ಸುಮ್ನೆ ಯಾರಿಗೂ ತೊಂದರೆ ಕೊಡುವುದಿಲ್ಲ. ಅದರ ಮೇಲೆ ನಡೆಯಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಕೆಡುವುದು ನಾವು ಕೈ ಹಾಕಿದಾಗ: ಉಜ್ಜಿದಾಗ, ಕೊರೆದಾಗ, ಒಣಗಿದ್ದಾಗಲೇ ಕೆರೆದಾಗ. ಎದ್ದ ಎಳೆಗಳು ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಒಳಗೆ ಹೋದರೆ ಕೆಮ್ಮಲಿ ಸೀನಲಿ, ಎಲ್ಲವೂ ಹೊರಗೆ ಬರುವುದಿಲ್ಲ. ಇದರಿಂದ ಬರುವ ಮೆಸೊಥೆಲಿಯೋಮ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್), ಶ್ವಾಸಕೋಶದ ಕ್ಯಾನ್ಸರ್, ಆಸ್ಬೆಸ್ಟೋಸಿಸ್ (ಶ್ವಾಸಕೋಶ ಗಾಯಗೊಂಡು ಗಡುಸಾಗುವ ಕಾಯಿಲೆ) ಕಾಣಿಸಿಕೊಳ್ಳಲು ಹತ್ತಾರು ವರ್ಷ ಹಿಡಿಯುತ್ತದೆ. ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಜಾಸ್ತಿ.

ಅದಕ್ಕೇ ನನ್ನ ಮೊದಲ ಸಲಹೆ ಕೀಳಬೇಡಿ, ಮುಚ್ಚಿಬಿಡಿ. ನೆಲ ಸಮತಟ್ಟಾಗಿದ್ದರೆ ಮೊಳೆ, ಸ್ಕ್ರೂ ಇಲ್ಲದೆ ಮೇಲೆ ಕೂರುವ ಫ್ಲೋಟಿಂಗ್ ನೆಲ ಹಾಕಬಹುದು. ಇದು ಕಾಟಾಚಾರದ ಕೆಲಸ ಅಲ್ಲ, ತಿಳಿದವರೂ ಇದನ್ನೇ ಹೇಳುತ್ತಾರೆ. ಕೀಳಲೇಬೇಕಾದರೆ ಲೈಸೆನ್ಸ್ ಇರುವವರನ್ನು ಕರೆಸಿ. ಕೆಲವು ಕಡೆ ಮನೆ ಮಾಲೀಕರೇ ಸ್ವಲ್ಪ ಕೀಳಲು ಕಾನೂನು ಬಿಡುತ್ತದೆ. ಬಿಡುತ್ತದೆ ಅಂದ ಮಾತ್ರಕ್ಕೆ ಹಿಂಬದಿಯ ಪದರಕ್ಕೆ ನೀವೇ ಕೈ ಹಾಕಬೇಡಿ.

ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್ ಇಲ್ಲಿ ಲೆಕ್ಕಕ್ಕಿಲ್ಲ. ಎನ್95 ಕೂಡ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ, ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಅಥವಾ ಪಿ3 ದರ್ಜೆಯ ಫಿಲ್ಟರಿನ ರೆಸ್ಪಿರೇಟರ್ ಬೇಕು. ಗಡ್ಡ ಇದ್ದರೆ ಅದೂ ಸರಿಯಾಗಿ ಕೂರುವುದಿಲ್ಲ.

ಗೊತ್ತಿಲ್ಲದೆ ಆಗಲೇ ಒಡೆದುಬಿಟ್ಟಿದ್ದೀರಾ? ಕೆಲಸ ನಿಲ್ಲಿಸಿ. ಫ್ಯಾನ್, ಹೀಟರ್, ಎಸಿ ಆರಿಸಿ, ಬಾಗಿಲು ಹಾಕಿ, ಮಕ್ಕಳನ್ನು ದೂರ ಇಡಿ. ಪೊರಕೆ ಮುಟ್ಟಬೇಡಿ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಅಂತೂ ಬೇಡವೇ ಬೇಡ, ಅದು ಎಳೆಗಳನ್ನು ಹಿಂದಿನಿಂದ ಮನೆ ತುಂಬ ಊದುತ್ತದೆ. ಆಮೇಲೆ ಬಲ್ಲವರಿಗೆ ಫೋನ್ ಮಾಡಿ. ಒಂದು ಸಲದ, ಸ್ವಲ್ಪ ಹೊತ್ತಿನ ಧೂಳಿನಿಂದ ಕಾಯಿಲೆ ಬರುವ ಸಾಧ್ಯತೆ ಕಡಿಮೆ, ನಿದ್ದೆಗೆಡಬೇಕಿಲ್ಲ.

ಬಾಡಿಗೆ ಮನೆಯಾದರೆ ಒಡೆದ ಟೈಲಿನ ಫೋಟೊ ತೆಗೆದು ಮಾಲೀಕರಿಗೆ ಬರಹದಲ್ಲಿ ತಿಳಿಸಿ. ನೀವೇ ರಿಪೇರಿಗೆ ಇಳಿಯಬೇಡಿ.

ಓದುತ್ತಾ ಪಾರ್ಟ್‌ಟೈಮ್ ದುಡಿಯುವ ಹುಡುಗರಿಗೆ ಒಂದು ಮಾತು. ರಿನೋವೇಶನ್ ಕೆಲಸಕ್ಕೆ ದಿನಗೂಲಿ ಎಂದು ಕರೆದು, ಮೊದಲ ದಿನವೇ ಹಳೇ ನೆಲ ಕೆರೆಯಲು ಹಚ್ಚುವವರಿದ್ದಾರೆ. ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಿ. ಹೊಸಬರು, ವೀಸಾದಲ್ಲಿರುವವರು, ಕೇಳಿದರೆ ಕೆಲಸ ಹೋದೀತು ಎಂದು ಹಿಂಜರಿಯುತ್ತೀರಿ, ಗೊತ್ತು. ವರದಿ ತೋರಿಸದ ಕಡೆಯಿಂದ ಎದ್ದು ಬನ್ನಿ. ಬೇರೆ ಕೆಲಸ ಹುಡುಕಲು ನಾವು ಹಳಬರು ಇದ್ದೇವೆ.