ಬೈಕಿಗೆ ಎಲ್ ಬೋರ್ಡ್: ಅಂಟಿಸದೆ ನಿಲ್ಲಿಸಿದ ನನ್ನ ಅನುಭವ

ಗಾಡಿ ಕಲಿಯುವವರು ಹಾಕುವ ಎಲ್ ಬೋರ್ಡಿನಲ್ಲಿ ದುಡ್ಡಿಲ್ಲ ಅಂತ ರೇಡಿಯಂ (ಬೆಳಕಿಗೆ ಹೊಳೆಯುವ ಸ್ಟಿಕ್ಕರ್) ಕೆಲಸದವರೆಲ್ಲ ಹೇಳುತ್ತಾರೆ. ಬೈಕಿನ ಎಲ್ ಬೋರ್ಡ್ ಅಂದರಂತೂ ನಕ್ಕೇಬಿಡುತ್ತಾರೆ. "ಏನ್ ಮಾರಾಯ, ಕಾರಿಗೇ ಹಾಕಲ್ಲ ಜನ, ಬೈಕಿಗೆ ಹಾಕ್ತಾರಾ?" ಅಂತ ಪಕ್ಕದ ಅಂಗಡಿಯವರು ಎಷ್ಟು ಸಲ ರೇಗಿಸಿದ್ದಾರೋ. ಈಗ ಶಿವಮೊಗ್ಗ ಸುತ್ತಮುತ್ತ ಮುಂದೊಂದು ಹಿಂದೊಂದು ಬೋರ್ಡಿನ ನನ್ನ ಸೆಟ್ಟುಗಳು ಇನ್ನೂರರ ಹತ್ತಿರ ಓಡಾಡುತ್ತಿವೆ. ಅದೇ ಪಕ್ಕದವರು ಮೊನ್ನೆ ಬಂದು ಕ್ಲ್ಯಾಂಪಿನ ಅಳತೆ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ. ಸ್ಟಿಕ್ಕರ್ ಕತ್ತರಿಸುವ ಪ್ಲಾಟರ್, ಅದನ್ನು ಎತ್ತಿ ಅಂಟಿಸುವ ಟ್ರಾನ್ಸ್‌ಫರ್ ಟೇಪ್ ಬಗ್ಗೆ ಇಲ್ಲಿ ಪಾಠ ಇಲ್ಲ, ಈ ಕೆಲಸ ಮಾಡುವವರಿಗೆ ಅದು ಗೊತ್ತು.

ಅಳತೆಯೂ ಗೊತ್ತಿರಬೇಕು, ಆದರೆ ಕತ್ತರಿಸುವಾಗ ಯಾರೂ ನೆನಪಿಡಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 3ನೇ ನಿಯಮ. ಬಿಳಿ ಮೇಲೆ ಕೆಂಪು ಎಲ್, ಗಾಡಿಯ ಮುಂದೂ ಇರಬೇಕು, ಹಿಂದೂ ಇರಬೇಕು. ಬೋರ್ಡ್ 18 ಸೆಂ.ಮೀ. ಚೌಕಕ್ಕಿಂತ ಚಿಕ್ಕದಿರಬಾರದು. ಅಕ್ಷರ ಕನಿಷ್ಠ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಕೆಳಗಡೆ 9 ಸೆಂ.ಮೀ. ಅಗಲ. ಬೈಕು ಅಂತ ರಿಯಾಯಿತಿ ಏನೂ ಇಲ್ಲ. ಇಪ್ಪತ್ತು ರೂಪಾಯಿಗೆ ಸಿಗುವ ಅಂಗೈ ಅಗಲದ ಸ್ಟಿಕ್ಕರ್ ಲೆಕ್ಕಕ್ಕೇ ಬರಲ್ಲ. ಈಗ ಬೈಕಿನ ಹಿಂದೆ ನೋಡಿ. ನಂಬರ್ ಪ್ಲೇಟೇ 20ಕ್ಕೆ 10 ಸೆಂ.ಮೀ. ಅದಕ್ಕಿಂತ ದೊಡ್ಡ ಬೋರ್ಡನ್ನು ನಂಬರ್, ಟೇಲ್ ಲೈಟ್, ಇಂಡಿಕೇಟರ್ ಯಾವುದನ್ನೂ ಮುಚ್ಚದೆ ಎಲ್ಲಿ ಕೂರಿಸುತ್ತೀರಿ?

ಮೊದಲು ಎಲ್ಲರಂತೆ ಸ್ಟಿಕ್ಕರ್ರೇ ಹಾಕಿದೆ. ಮುಂದೆ ಹೆಡ್‌ಲೈಟ್ ಡೂಮ್ ಮೇಲೆ. ಅಲ್ಲಿ ಸಮತಟ್ಟಾದ ಜಾಗವೇ ಇಲ್ಲ, ಅಂಚು ವಾರದೊಳಗೆ ಎದ್ದು ಬಂತು. ಇನ್ನೊಂದು ತಲೆನೋವು, ಕಲಿಯುವವರ ಗಾಡಿ ಬಹಳ ಸಲ ಅವರದ್ದಲ್ಲ. ಅಣ್ಣನದ್ದು, ಭಾವನದ್ದು. ಡಿಎಲ್ ಬಂದ ಮೇಲೆ ಸ್ಟಿಕ್ಕರ್ ಕಿತ್ತರೆ ಗೋಂದು ಉಳಿಯುತ್ತದೆ, ಬಿಸಿಲಿಗೆ ಬಣ್ಣ ಕಂದಿರುವ ಕಡೆ ಚೌಕ ಎದ್ದು ಕಾಣುತ್ತದೆ. ಜಗಳ ಅಂಗಡಿಗೆ ಬರುತ್ತದೆ. ಸೀಮೆಎಣ್ಣೆ ಹಚ್ಚಿ ಉಜ್ಜಿಕೊಟ್ಟಿದ್ದಕ್ಕೆ ಯಾರೂ ದುಡ್ಡು ಕೊಡಲ್ಲ.

ಆಮೇಲೆ ಮ್ಯಾಗ್ನೆಟ್ ಶೀಟ್. ಕಾರಿಗೆ ಅದ್ಭುತ. ಬೈಕಿನಲ್ಲಿ ಕಬ್ಬಿಣ ಸಿಗುವುದು ಪೆಟ್ರೋಲ್ ಟ್ಯಾಂಕಿನಲ್ಲಿ, ಅದು ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ. ಮೆಟಲ್ ಬಾಡಿ ಸ್ಕೂಟರಿಗೆ ಓಡುತ್ತೆ ಅಂತ ಮಾಡಿಸಿದ್ದೆ, ಈಗಿನ ಬಹಳಷ್ಟು ಸ್ಕೂಟರಿನ ಮುಂಭಾಗ ಪ್ಲಾಸ್ಟಿಕ್. ಆರೇಳು ಸಾವಿರ ಅಲ್ಲೇ ಕೂತುಬಿಟ್ಟಿತು. ಉಳಿದ ಶೀಟು ಕತ್ತರಿಸಿ ಫ್ರಿಜ್ಜಿಗೆ ಅಂಟುವ ಹೆಸರಿನ ಪಟ್ಟಿ ಮಾಡಿ ಮಾರಿದೆ. ಅಸಲಿನ ಅರ್ಧ ಬಂತು.

ಮೂರನೆಯದು ಸನ್‌ಬೋರ್ಡ್ (ಹಗುರ ಫೋಮ್ ಹಲಗೆ), ಕೇಬಲ್ ಟೈ ಹಾಕಿ. ಅಗ್ಗ, ಹಗುರ. ಆದರೆ ಬೈಕಿನ ಅದುರಾಟಕ್ಕೆ ಟೈ ಹಾಕಿದ ತೂತೇ ಹರಿಯುತ್ತಾ ಹೋಗುತ್ತದೆ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಬಂದು "ಅಣ್ಣಾ, ಎರಡು ಟೈ ಇದೆ, ಬೋರ್ಡಿಲ್ಲ" ಅಂದ.

ಹಿಂದಿನ ಬೋರ್ಡಿಗೆ ಹಳೆಯವರ ಉಪಾಯ ಒಂದಿತ್ತು. ನಂಬರ್ ಪ್ಲೇಟಿನ ಬೋಲ್ಟ್ ಬಿಚ್ಚಿ ಅದೇ ಬೋಲ್ಟಿಗೆ ಪಟ್ಟಿ ಸಿಕ್ಕಿಸುವುದು. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳೆಲ್ಲ ಎಚ್‌ಎಸ್‌ಆರ್‌ಪಿ ಅನ್ನುವ ಹೆಚ್ಚು ಭದ್ರತೆಯ ನಂಬರ್ ಪ್ಲೇಟಿನೊಂದಿಗೇ ಬರುತ್ತಿವೆ. ಅದರ ಸ್ನ್ಯಾಪ್ ಲಾಕ್ ಒಮ್ಮೆ ಕೂತರೆ ಮುರಿಯದೆ ಬಿಚ್ಚಲ್ಲ. ಆ ದಾರಿ ಮುಚ್ಚಿಹೋಯಿತು.

ಕೊನೆಗೆ ಹಿಂದಕ್ಕೆ ನಿಂತಿದ್ದು 3 ಎಂಎಂ ಎಸಿಪಿ ಶೀಟ್ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್), ಹಿಂದೆ ಕೂತವರು ಹಿಡಿಯುವ ಗ್ರ್ಯಾಬ್ ರೈಲಿನ ಮೇಲೆ. ಪ್ಲಂಬಿಂಗ್ ಅಂಗಡಿಯ ಪೈಪ್ ಕ್ಲ್ಯಾಂಪ್ ಎರಡು ಸಾಕು. ಬೋರ್ಡ್ ಟೇಲ್ ಲೈಟಿಗಿಂತ ಮೇಲೆ ನಿಲ್ಲುತ್ತದೆ, ಏನನ್ನೂ ಮುಚ್ಚಲ್ಲ. ಕಲಿಸುವವರು ಹಿಂದೆ ಕೂರುತ್ತಾರಲ್ಲ, ಅವರ ಬೆನ್ನಿಗೆ ಅಂಚು ಚುಚ್ಚುತ್ತಿತ್ತು. ಕ್ಲ್ಯಾಂಪನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದೆ, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದೆ. ಕ್ಲ್ಯಾಂಪಿನ ಒಳಗೆ ಸೈಕಲ್ ಟ್ಯೂಬ್ ಹಾಕಿದರೆ ಜಾರುತ್ತದೆ. ನಾನು ಬೇರೆ ಏನೋ ಹಾಕುತ್ತೇನೆ, ಅದನ್ನು ಇಲ್ಲಿ ಹೇಳಲ್ಲ.

ಮುಂದಿನದ್ದಕ್ಕೆ ತಲೆ ಜಾಸ್ತಿ ಓಡಿಸಬೇಕಾಯಿತು. ಜಾಗ ಇರುವುದು ಹೆಡ್‌ಲೈಟಿನ ಕೆಳಗೆ, ಮುಂದಿನ ಚಕ್ರ ಹಿಡಿದಿರುವ ಎರಡು ಫೋರ್ಕ್ ಪೈಪುಗಳ ಮುಂದೆ. ಅಲ್ಲಿಗೂ ಎಸಿಪಿ ಹಾಕಿ ನೋಡಿದೆ. ಹಂಪ್ ಹತ್ತಿದ ಕೂಡಲೇ ಫೋರ್ಕ್ ಕುಸಿಯುತ್ತದೆ, ಮಡ್‌ಗಾರ್ಡ್ ಮೇಲೆ ಬಂದು ಬೋರ್ಡಿನ ಕೆಳ ಅಂಚಿಗೆ ಟಕ್ ಅಂತ ಹೊಡೆಯುತ್ತದೆ. ಹೊಸಬರು ಬ್ರೇಕ್ ಹಿಡಿಯುವುದೂ ಗಕ್ಕನೆ, ಆಗಲೂ ಅದೇ. ಹಾಗಾಗಿ ಅಲ್ಲಿ ಗಟ್ಟಿ ಶೀಟ್ ಬೇಡ. ಬಗ್ಗುವ ಪಿಪಿ ಶೀಟ್, ಫೈಲ್ ಮಾಡುತ್ತಾರಲ್ಲ ಅದರ ದಪ್ಪದ ಜಾತಿ. ಮೇಲಿನ ಎರಡು ಮೂಲೆ ಫೋರ್ಕಿನ ಮೇಲ್ಭಾಗಕ್ಕೆ ವೆಲ್ಕ್ರೋ ಪಟ್ಟಿಯಿಂದ. ಕೆಳಗಿನ ಎರಡು ಮೂಲೆಗೆ ಎಲಾಸ್ಟಿಕ್. ಮಡ್‌ಗಾರ್ಡ್ ತಾಗಿದರೆ ಶೀಟ್ ಬಗ್ಗಿ ವಾಪಸ್ ಬರುತ್ತದೆ. ಸ್ಕೂಟರಿಗೆ ಇಷ್ಟೆಲ್ಲ ಬೇಡ, ಹೆಡ್‌ಲೈಟ್ ಕೆಳಗಿನ ಅಗಲ ಜಾಗದಲ್ಲಿ ಕೊಕ್ಕೆ ಹಾಕಿದ ಎಲಾಸ್ಟಿಕ್ ಎರಡೂ ಕಡೆ ಎಳೆದರೆ ಆಯ್ತು.

ಗಾಳಿ ತಡೆಯುತ್ತೆ, ಎಂಜಿನ್ ಬಿಸಿಯಾಗುತ್ತೆ ಅಂತ ಒಬ್ಬ ಮೆಕ್ಯಾನಿಕ್ ಹೆದರಿಸಿದರು. ಸರಿ, ಬಿಳಿ ಜಾಗದಲ್ಲಿ ಪಂಚಿನಿಂದ ತೂತು ಹೊಡೆದೆ. ನಲವತ್ತರ ಸ್ಪೀಡಿಗೆ ಕುಕ್ಕರ್ ತರ ಸೀಟಿ ಹೊಡೆಯಲು ಶುರುವಾಯಿತು! ಕಲಿಯುವವರು ಗಾಬರಿಯಾಗಿ ಗಾಡಿ ನಿಲ್ಲಿಸುತ್ತಿದ್ದರು. ತೂತು ಬಿಟ್ಟೆ. ಕಲಿಯುವ ಸ್ಪೀಡಿಗೆ ಎಂಜಿನ್ ಬಿಸಿಯಾಯಿತು ಅಂತ ಇದುವರೆಗೆ ಒಬ್ಬರೂ ಬಂದಿಲ್ಲ.

ಬಣ್ಣದಲ್ಲೂ ಆಟ ಆಡಿದ್ದೇನೆ. ಅಗ್ಗದ ಕೆಂಪು ವಿನೈಲ್ (ಸ್ಟಿಕ್ಕರ್ ಹಾಳೆ) ಎರಡು ಮೂರು ತಿಂಗಳಿಗೆ ಗುಲಾಬಿಯಾಗುತ್ತದೆ. ಗುಲಾಬಿ ಎಲ್ ಯಾರಿಗೆ ಬೇಕು? ರಾತ್ರಿಗೆ ಕೆಂಪು ರೇಡಿಯಂ ಚೆನ್ನಾಗಿರುತ್ತೆ ಅಂದುಕೊಂಡಿದ್ದೆ. ಅದಕ್ಕಿಂತ ಬಿಳಿ ರೇಡಿಯಂ ಮೇಲೆ ಮಾಮೂಲಿ ಕೆಂಪು ಒಳ್ಳೆಯದು. ಹಿಂದಿನ ಗಾಡಿಯ ಬೆಳಕಿಗೆ ಇಡೀ ಚೌಕ ಹೊಳೆಯುತ್ತದೆ, ನಡುವೆ ಎಲ್ ಕಪ್ಪಗೆ ಕಾಣುತ್ತದೆ.

ಈಗ ದುಡ್ಡಿನ ಮಾತು. 8ಕ್ಕೆ 4 ಅಡಿ ಎಸಿಪಿ ಶೀಟ್ ನನಗೆ ಎರಡು ಸಾವಿರದ ಆಸುಪಾಸಿಗೆ ಬೀಳುತ್ತದೆ, ಅದರಲ್ಲಿ ಎಪ್ಪತ್ತೈದು ಬೋರ್ಡಿಗೆ ಮೋಸ ಇಲ್ಲ. ಎಲ್ ಕತ್ತರಿಸುವಾಗ ಒಂದನ್ನು ತಲೆಕೆಳಗೆ ತಿರುಗಿಸಿ ಇನ್ನೊಂದರ ಮಡಿಲಿಗೆ ಸೇರಿಸಿ, ವಿನೈಲ್ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಕ್ಲ್ಯಾಂಪು, ವೆಲ್ಕ್ರೋ ಎಲ್ಲ ಸೇರಿ ಸೆಟ್ಟಿಗೆ ನೂರಹತ್ತು, ನೂರಿಪ್ಪತ್ತು. ಇನ್ನೂರಕ್ಕೆ ಇಟ್ಟೆ. ಜನ ಕೊಳ್ಳಲಿಲ್ಲ. ಜನರದ್ದೂ ತಪ್ಪಲ್ಲ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಆಯುಷ್ಯವೇ ಆರು ತಿಂಗಳು, 30 ದಿನ ಕಳೆದರೆ ಟೆಸ್ಟಿಗೆ ಹೋಗಬಹುದು. ಒಂದೆರಡು ತಿಂಗಳಿಗೆ ಇನ್ನೂರು ರೂಪಾಯಿ ಯಾರು ಕೊಡುತ್ತಾರೆ?

ಆಗ ಬಾಡಿಗೆಗೆ ಇಳಿದೆ. ಮುನ್ನೂರು ಡೆಪಾಸಿಟ್, ಬೋರ್ಡ್ ವಾಪಸ್ ತಂದರೆ ಇನ್ನೂರ ಇಪ್ಪತ್ತು ಕೈಗೆ. ಎಲ್ಲರೂ ತಲೆ ಕೆಟ್ಟಿದೆ ಅಂದರು, ಯಾರೂ ವಾಪಸ್ ತರಲ್ಲ ಅಂದರು. ತರದಿದ್ದರೆ ಮುನ್ನೂರಕ್ಕೆ ಮಾರಿದಂತಾಯ್ತು, ನನಗೇನು ನಷ್ಟ? ತರುವವರೇ ಜಾಸ್ತಿ. ಬಂದದ್ದಕ್ಕೆ ಎಲ್ ಮಾತ್ರ ಹೊಸದು ಅಂಟಿಸಿದರೆ ಮತ್ತೆ ರೆಡಿ. ಎರಡನೇ ಸುತ್ತಿಗೆ ಅಸಲು, ಮೂರನೆಯದರಿಂದ ಲಾಭ. ಡ್ರೈವಿಂಗ್ ಸ್ಕೂಲಿನವರು ಮಾತ್ರ ಸಗಟು ಖರೀದಿ. ಒಂದೇ ಸೆಟ್ಟನ್ನು ಎರಡು ಮೂರು ಗಾಡಿಗೆ ಬದಲಿಸಿ ಹಾಕುತ್ತಾರೆ, ಅವರಿಗೆ ಎಷ್ಟಕ್ಕೆ ಕೊಡುತ್ತೇನೆ ಅನ್ನುವುದು ನಮ್ಮಲ್ಲೇ ಇರಲಿ.

ಕೊಡುವಾಗ ಒಂದು ಮಾತು ಹೇಳಿಯೇ ಕಳಿಸುತ್ತೇನೆ. ಬೋರ್ಡ್ ಇದೆ ಅಂತ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಸುತ್ತುವಂತಿಲ್ಲ. ಕೂರುವುದಾದರೆ ಕಲಿಸುವವರು, ಅವರ ಹತ್ತಿರ ಡಿಎಲ್ ಇರಬೇಕು, ಗಾಡಿ ನಿಲ್ಲಿಸಲು ಆಗುವಂತೆ ಕೂತಿರಬೇಕು ಅನ್ನುತ್ತದೆ ನಿಯಮ. ಬೈಕಿನಲ್ಲಿ ಹಿಂದೆ ಕೂತವರಿಗೆ ಬ್ರೇಕ್ ಎಲ್ಲಿ ಸಿಗುತ್ತೆ ಅಂತ ನನ್ನನ್ನು ಕೇಳಬೇಡಿ.

ಸದ್ಯಕ್ಕೆ ಬಗ್ಗದೇ ಇರುವುದು ಸ್ಪೋರ್ಟ್ಸ್ ಬೈಕುಗಳು. ಕೆಲವಕ್ಕೆ ಹಿಂದೆ ಹಿಡಿಯಲು ಗ್ರ್ಯಾಬ್ ರೈಲೇ ಇಲ್ಲ, ಸೀಟು ಮೇಲಕ್ಕೆ ಚೂಪಾಗಿ ಹೋಗಿರುತ್ತದೆ. ಸೀಟಿನ ಕೆಳಗಿಂದ ಬೆಲ್ಟ್ ತಂದು ಏನೋ ಮಾಡುತ್ತಿದ್ದೇನೆ, ಅರವತ್ತು ದಾಟಿದರೆ ಇನ್ನೂ ವಾಲುತ್ತದೆ. ಅಂಥ ಗಾಡಿಯಲ್ಲಿ ಕಲಿಯಲು ಬಂದವರಿಗೆ, ಮೊದಲು ಮನೆಯ ಸ್ಕೂಟರ್ ತಗೊಂಡು ಬಾ ಅಂತ ಹೇಳಿ ಕಳಿಸುತ್ತೇನೆ.