ವೃತ್ತದ ಕ್ಯಾಮೆರಾ ಮುಖ ಗುರುತಿಸುತ್ತದೆಯೇ? ಅರ್ಜಿ ಹಾಕಿ ತಿಳಿಯುವ ಕ್ರಮ

ಶಿವಮೊಗ್ಗದ ವೃತ್ತಗಳಲ್ಲಿ, ಬಸ್ ನಿಲ್ದಾಣದಲ್ಲಿ, ಸಾಗರ–ತೀರ್ಥಹಳ್ಳಿಯ ಪೇಟೆಗಳಲ್ಲಿ ಕಣ್ಗಾವಲು ಕ್ಯಾಮೆರಾ ಈಗ ಯಾರಿಗೂ ಹೊಸದಲ್ಲ. ಕಂಬದ ಮೇಲೆ ಕ್ಯಾಮೆರಾ ಇರುವುದು ಕಣ್ಣಿಗೆ ಕಾಣುತ್ತದೆ. ಆದರೆ ಅದು ಸೆರೆಹಿಡಿದ ಮುಖವನ್ನು ಹಿಂದಿರುವ ತಂತ್ರಾಂಶ ಏನು ಮಾಡುತ್ತದೆ ಎಂಬುದು ಕೆಳಗೆ ನಿಂತು ನೋಡಿದರೆ ತಿಳಿಯುವುದಿಲ್ಲ. ಅದನ್ನು ತಿಳಿಯಲು ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ, ಅದರ ಶುಲ್ಕಕ್ಕೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಮತ್ತು ಸ್ವಲ್ಪ ತಾಳ್ಮೆ ಬೇಕು.

ಮೊದಲು, ಕೇಳಬೇಕಾದುದು ಏನೆಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಅಡಿಕೆ ಕಳ್ಳತನದ ಭಯಕ್ಕೆ ಅಂಗಳದಲ್ಲಿ ಕ್ಯಾಮೆರಾ ಹಾಕಿಸಿರುವ ಬೆಳೆಗಾರರ ಫೋನಿಗೆ ರಾತ್ರಿ 'ಮನುಷ್ಯರ ಚಲನೆ' ಎಂಬ ಸಂದೇಶ ಬರುತ್ತದೆ. ಬಂದದ್ದು ನಾಯಿಯಲ್ಲ, ಮನುಷ್ಯ ಎಂದಷ್ಟೇ ಅದು ಹೇಳಬಲ್ಲುದು. ಇದು ಪತ್ತೆ ಹಚ್ಚುವ ಕೆಲಸ. ಗುರುತಿಸುವ ಕೆಲಸ ಇದರ ಮುಂದಿನ ಹಂತದ್ದು. ಕಣ್ಣು, ಮೂಗು, ದವಡೆಯ ವಿನ್ಯಾಸವನ್ನು ತಂತ್ರಾಂಶವು ಅಂಕಿಗಳ ಒಂದು ಸಾಲಾಗಿ ಬದಲಿಸಿ, ಮೊದಲೇ ಸಂಗ್ರಹಿಸಿಟ್ಟ ಮುಖಗಳ ಅಂಕಿಸಾಲುಗಳೊಂದಿಗೆ ಹೋಲಿಸಿ, ಹೋಲಿಕೆ ಒಂದು ಮಿತಿಯನ್ನು ದಾಟಿದರೆ 'ಇವರೇ ಇರಬಹುದು' ಎಂದು ಸೂಚಿಸುತ್ತದೆ. ಹಾಗಾಗಿ ಕ್ಯಾಮೆರಾಗಳ ಸಂಖ್ಯೆಗಿಂತ ಮುಖ್ಯವಾದ ಪ್ರಶ್ನೆಗಳು ಎರಡು: ಹೋಲಿಕೆಗೆ ಇಟ್ಟುಕೊಂಡ ಪಟ್ಟಿಯಲ್ಲಿ ಯಾರ ಮುಖಗಳಿವೆ, ಮತ್ತು ಮಿತಿಯನ್ನು ಎಷ್ಟಕ್ಕೆ ನಿಲ್ಲಿಸಲಾಗಿದೆ.

ಎರಡನೆಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶೇ 80ರಷ್ಟು ಹೋಲಿಕೆ ಬಂದರೆ ಅದನ್ನು ಹೊಂದಾಣಿಕೆಯೆಂದೇ ಪರಿಗಣಿಸುವುದಾಗಿ ದೆಹಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿದ್ದರು. ಕೋಟೆ ಮಾರಿಕಾಂಬ ಜಾತ್ರೆಯ ಒಂದು ದಿನ ಐವತ್ತು ಸಾವಿರ ಮುಖಗಳು ಕ್ಯಾಮೆರಾದ ಮುಂದೆ ಹಾದುಹೋದವು, ತಂತ್ರಾಂಶವು ಸಾವಿರಕ್ಕೆ ಒಂದರಂತೆ ಮಾತ್ರ ತಪ್ಪಿತು ಎಂದುಕೊಳ್ಳಿ. ಆಗಲೂ ಐವತ್ತು ಜನ ವಿನಾಕಾರಣ ಅನುಮಾನಕ್ಕೆ ಗುರಿಯಾಗುತ್ತಾರೆ. ಎತ್ತರದ ಕಂಬದಿಂದ ಓರೆಯಾಗಿ ಕಾಣುವ ಮುಖ, ಆಷಾಢದ ಮಬ್ಬು ಬೆಳಕು, ಅರ್ಧ ಮುಖ ಮುಚ್ಚುವ ಕೊಡೆ ಮತ್ತು ರೇನ್‌ಕೋಟಿನ ಟೊಪ್ಪಿ ಸೇರಿದರೆ ಮಲೆನಾಡಿನ ಮಳೆಗಾಲದಲ್ಲಿ ತಪ್ಪುವ ಸಂಭವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬವರನ್ನು ಇಂಥದೇ ತಪ್ಪು ಹೋಲಿಕೆಯನ್ನು ನಂಬಿ, ಅವರ ಹೆಂಡತಿ ಮಕ್ಕಳ ಎದುರೇ ಬಂಧಿಸಲಾಗಿತ್ತು.

ಇನ್ನು ಯಾರನ್ನು ಕೇಳಬೇಕು? ಕಾನೂನು ಸುವ್ಯವಸ್ಥೆಯ ಕ್ಯಾಮೆರಾಗಳ ಬಗ್ಗೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಯನ್ನು, ಸ್ಮಾರ್ಟ್ ಸಿಟಿ ಯೋಜನೆಯಡಿ ಬಂದವುಗಳ ಬಗ್ಗೆ ಆ ಯೋಜನೆ ನಡೆಸಲು ರಚಿಸಿದ ಕಂಪನಿಯನ್ನು ಅಥವಾ ಮಹಾನಗರ ಪಾಲಿಕೆಯನ್ನು ಕೇಳಬೇಕು. ಕೇಂದ್ರದ ಸ್ಮಾರ್ಟ್ ಸಿಟಿ ಅಭಿಯಾನ 2025ರ ಮಾರ್ಚ್ 31ಕ್ಕೆ ಮುಗಿದಿರುವುದರಿಂದ, ಕ್ಯಾಮೆರಾಗಳ ನಿರ್ವಹಣೆ ಈಗ ಯಾರ ಕೈಯಲ್ಲಿದೆ ಎಂಬುದೂ ಕೇಳತಕ್ಕ ಪ್ರಶ್ನೆಯೇ. ಕಚೇರಿ ತಪ್ಪಿತೆಂದು ಅರ್ಜಿ ಹಿಂದೆ ಬರಬೇಕಾಗಿಲ್ಲ. ಐದು ದಿನಗಳೊಳಗೆ ಅದನ್ನು ಸರಿಯಾದ ಕಚೇರಿಗೆ ವರ್ಗಾಯಿಸುವುದು ಸೆಕ್ಷನ್ 6(3)ರ ಪ್ರಕಾರ ಅವರದೇ ಕರ್ತವ್ಯ. ಅಂಗಡಿ, ಚಿತ್ರಮಂದಿರಗಳಿಗೆ ಈ ದಾರಿ ಅನ್ವಯಿಸುವುದಿಲ್ಲ.

ಅರ್ಜಿ ಬರೆಯುವಾಗ ಕರ್ನಾಟಕದ ನಿಯಮವೊಂದು ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಕನ್ನಡದಲ್ಲೇ ಬರೆಯಬಹುದು, ಕಾರಣ ಹೇಳಬೇಕಾಗಿಲ್ಲ. 'ಕ್ಯಾಮೆರಾ ಏಕೆ ಹಾಕಿದ್ದೀರಿ, ಇದು ಸರಿಯೇ' ಎಂದು ಕೇಳಿದರೆ ಅದು ಅಭಿಪ್ರಾಯ ಕೇಳಿದಂತಾಗಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ, ಕೇಳಬೇಕಾದುದು ದಾಖಲೆಯನ್ನು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕಿಗೆ ಸರ್ಕಾರ ಕೈಹಾಕುವುದಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶವನ್ನು ಮೀರಬಾರದು ಎಂದು ತೀರ್ಪು ಹೇಳಿತು. ನಿಮ್ಮ ಅರ್ಜಿಯ ಪ್ರಶ್ನೆಗಳು ಇವುಗಳಿಂದಲೇ ಹುಟ್ಟಬೇಕು. ಒಕ್ಕಣೆ ಹೀಗಿರಬಹುದು:

"ಶಿವಮೊಗ್ಗ ನಗರದ ಸಾರ್ವಜನಿಕ ಸ್ಥಳಗಳಲ್ಲಿ ತಮ್ಮ ಕಚೇರಿಯ ನಿಯಂತ್ರಣದಲ್ಲಿರುವ ಕಣ್ಗಾವಲು ಕ್ಯಾಮೆರಾಗಳಿಗೆ ಸಂಬಂಧಿಸಿದಂತೆ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಕೋರುತ್ತೇನೆ. ಕ್ಯಾಮೆರಾ ಮತ್ತು ತಂತ್ರಾಂಶ ಖರೀದಿಯ ಕಾರ್ಯಾದೇಶ ಹಾಗೂ ತಾಂತ್ರಿಕ ವಿವರಪಟ್ಟಿ. ಮುಖ ಗುರುತಿಸುವ ತಂತ್ರಾಂಶದ ಬಳಕೆಗೆ ಅನುಮತಿ ನೀಡಿದ ಆದೇಶ ಅಥವಾ ಸುತ್ತೋಲೆ. ಹೋಲಿಕೆಯ ಮಿತಿಯನ್ನು ನಿಗದಿಪಡಿಸಿದ ದಾಖಲೆ. ದೃಶ್ಯಗಳನ್ನು ಎಷ್ಟು ದಿನ ಇಟ್ಟು ಅಳಿಸಬೇಕೆಂಬ ಆದೇಶ. ಅವುಗಳನ್ನು ಬೇರೆ ಇಲಾಖೆ ಅಥವಾ ಸಂಸ್ಥೆಯೊಂದಿಗೆ ಹಂಚಿಕೊಳ್ಳುವ ಒಪ್ಪಂದ."

ಪಟ್ಟಿಯಲ್ಲಿರುವವರ ಹೆಸರುಗಳನ್ನಾಗಲಿ ದೃಶ್ಯದ ತುಣುಕನ್ನಾಗಲಿ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್ನನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವುದನ್ನು ಇನ್ನಷ್ಟು ಸುಲಭ ಮಾಡಿದೆ. ಅದೇ ಕಾಯ್ದೆ ಅಪರಾಧ ತಡೆ ಮತ್ತು ತನಿಖೆಯ ಕೆಲಸಕ್ಕೆ ಧಾರಾಳ ವಿನಾಯಿತಿಯನ್ನೂ ಕೊಟ್ಟಿದೆ. ನಾಗರಿಕರ ಖಾಸಗಿತನ ಕಾಯಲೆಂದು ಬಂದ ಕಾಯ್ದೆ ಕಚೇರಿಗಳ ಗುಟ್ಟು ಕಾಯಲು ನೆರವಾಗುತ್ತಿರುವುದು ವಿಚಿತ್ರವೇ ಸರಿ.

ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಇಲ್ಲವೇ ರಾಜ್ಯದ ಆನ್‌ಲೈನ್ ಪೋರ್ಟಲ್ ಮೂಲಕ ಸಲ್ಲಿಸಿ.

ಉತ್ತರಕ್ಕೆ 30 ದಿನಗಳ ಗಡುವಿದೆ. ಬಂದ ಕಾಗದಗಳಲ್ಲಿ ಮೊದಲು ಓದಬೇಕಾದುದು ತಾಂತ್ರಿಕ ವಿವರಪಟ್ಟಿಯನ್ನು. 'ಎಎನ್‌ಪಿಆರ್' ಎಂದಿದ್ದರೆ ಅದು ವಾಹನದ ನಂಬರ್ ಪ್ಲೇಟ್ ಓದುವ ವ್ಯವಸ್ಥೆ, ಮುಖಕ್ಕೆ ಸಂಬಂಧಿಸಿದ್ದಲ್ಲ. 'ವಿಡಿಯೊ ಅನಲಿಟಿಕ್ಸ್' ಎಂಬುದು ಜನಸಂದಣಿ ಎಣಿಸುವುದರಿಂದ ಹಿಡಿದು ಮುಖ ಗುರುತಿಸುವವರೆಗೆ ಏನನ್ನಾದರೂ ಒಳಗೊಳ್ಳಬಹುದಾದ್ದರಿಂದ ಅದರ ಕೆಳಗಿನ ಉಪಸಾಲುಗಳನ್ನು ಬಿಡದೆ ಓದಬೇಕು. 'ಫೇಸ್ ರೆಕಗ್ನಿಷನ್' ಅಥವಾ 'ಎಫ್‌ಆರ್‌ಎಸ್' ಕಂಡರೆ ನಿಮ್ಮ ಮೂಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು; ಖರೀದಿಸಿದ್ದೆಲ್ಲ ಬಳಕೆಯಲ್ಲಿರಬೇಕೆಂದಿಲ್ಲ. ತಂತ್ರಾಂಶ ಖರೀದಿಯಾಗಿದ್ದು, ಅನುಮತಿ ಆದೇಶದ ಕುರಿತು 'ದಾಖಲೆ ಲಭ್ಯವಿಲ್ಲ' ಎಂಬ ಹಿಂಬರಹ ಬಂದರೆ ಆ ಕಾಗದವನ್ನು ಜೋಪಾನವಾಗಿಡಿ. ಕಾನೂನಿನ ಆಧಾರವೆಲ್ಲಿ ಎಂದು ಪಾಲಿಕೆಯ ಸಭೆಯಲ್ಲಿಯೋ ನ್ಯಾಯಾಲಯದಲ್ಲಿಯೋ ಕೇಳಲು ಅದಕ್ಕಿಂತ ಗಟ್ಟಿಯಾದ ಪುರಾವೆ ಬೇಕಾಗುವುದಿಲ್ಲ.

ಭದ್ರತೆಯ ಕಾರಣ ಹೇಳಿ ಪೂರ್ತಿ ನಿರಾಕರಿಸಿದರೆ 30 ದಿನಗಳೊಳಗೆ ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಪ್ರಥಮ ಮೇಲ್ಮನವಿ ಸಲ್ಲಿಸಿ, ಗೋಪ್ಯ ಭಾಗವನ್ನು ಮರೆಮಾಡಿ ಉಳಿದುದನ್ನು ಸೆಕ್ಷನ್ 10ರಂತೆ ಕೊಡಬೇಕೆಂದು ಕೋರಿ. ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬೇಕು. ನಿರಾಕರಣೆ ಸರಿಯೆಂದು ಸಾಬೀತುಪಡಿಸುವ ಹೊಣೆ ಅಲ್ಲಿ ಅಧಿಕಾರಿಯದು. ಸಕಾರಣವಿಲ್ಲದೆ ತಡಮಾಡಿದ್ದರೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿಯವರೆಗೆ ದಂಡವನ್ನು ಅವರೇ ಕೈಯಿಂದ ತೆರಬೇಕಾಗುತ್ತದೆ.